ಹಳೇ ಭುಜ ಹೊಸದಾಗಿಸುವ ಕೈಪಿಡಿ

ಅಭಿನಂದನೆಗಳು! ತಾವೀಗ ಸ್ವಂತ ಕಾಂಡಕೋಶಗಳ (ಸ್ಟೆಮ್ ಸೆಲ್) ಒಡೆಯರು. ಹುಟ್ಟಿದಾಗಿನಿಂದ ಒಡೆಯರಾಗಿಯೇ ಇದ್ದಿರಿ, ಬಿಲ್ ಮಾತ್ರ ಈಗ ಬಂದಿದೆ.

ಸಾಮಗ್ರಿ: ಸೊಂಟದ ಮೂಳೆಯಿಂದ ಸೂಜಿ ಹಾಕಿ ಎಳೆದ ಮಜ್ಜೆ, ಒಂದಿಷ್ಟು ಕೊಬ್ಬು, ಇವನ್ನು ಗಿರ್ರನೆ ತಿರುಗಿಸಿ ಕಾಂಡಕೋಶ ಬೇರ್ಪಡಿಸುವ ಯಂತ್ರ, ವಿಮಾನದ ಟಿಕೆಟ್.

ಅಳವಡಿಕೆ: ಬೇಸ್‌ಬಾಲ್ ಪಿಚರ್ (ಚೆಂಡೆಸೆಯುವವರು) ಬಾರ್ಟೋಲೊ ಕೊಲೋನ್ ಅವರನ್ನು ಮಾದರಿಯಾಗಿ ಇಟ್ಟುಕೊಳ್ಳಿ. 2005ರಲ್ಲಿ ಅಮೆರಿಕನ್ ಲೀಗಿನ ಅತ್ಯುತ್ತಮ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿ ಗೆದ್ದವರು. ಆಮೇಲೆ ಭುಜ ಕೈಕೊಟ್ಟಿತು. 2010ರಲ್ಲಿ ಅವರು ಮೇಜರ್ ಲೀಗಿನ ಒಂದು ಪಂದ್ಯವನ್ನೂ ಆಡಲಿಲ್ಲ. ಅದೇ ವರ್ಷ ತಾಯ್ನಾಡು ಡೊಮಿನಿಕನ್ ರಿಪಬ್ಲಿಕ್‌ನಲ್ಲಿ, ಫ್ಲೋರಿಡಾದಿಂದ ಬಂದ ಮೂಳೆವೈದ್ಯರೊಬ್ಬರು ಅವರದೇ ಮಜ್ಜೆ, ಕೊಬ್ಬಿನ ಕೋಶಗಳನ್ನು ಭುಜಕ್ಕೂ ಮೊಣಕೈಗೂ ಚುಚ್ಚಿದರು. 2011ರಲ್ಲಿ ಮೂವತ್ತೆಂಟರ ಕೊಲೋನ್ ನ್ಯೂಯಾರ್ಕ್ ಯಾಂಕೀಸ್ ಪರ ಗಂಟೆಗೆ 90 ಮೈಲಿ ಮೀರಿದ ಎಸೆತ ಹಾಕತೊಡಗಿದರು. ಮೇ ತಿಂಗಳಲ್ಲಿ ಚಿಕಿತ್ಸೆಯ ಸುದ್ದಿ ಹೊರಬಿತ್ತು.

ನಿಯಮದ ಎಚ್ಚರಿಕೆ: ಮೇಜರ್ ಲೀಗಿನವರು ತನಿಖೆಗಿಳಿದರು. ತಲೆಬಿಸಿ ಕೋಶದ್ದಲ್ಲ, ಅದರ ಜೊತೆ ಬೆಳವಣಿಗೆಯ ಹಾರ್ಮೋನು ಹೋಯಿತೇ ಎಂಬುದು. ಬೇರೆ ರೋಗಿಗಳಿಗೆ ಬೆರೆಸಿದ್ದುಂಟು, ಇವರಿಗಿಲ್ಲ ಎಂದರು ವೈದ್ಯರು. ಅದೇ ಸೂಜಿ, ಅದೇ ಭುಜ. ಸಿರಿಂಜಿನಲ್ಲಿ ಇನ್ನೊಂದು ಹನಿ ಇದ್ದರೆ ಅಪರಾಧ, ಇಲ್ಲದಿದ್ದರೆ ಆರೈಕೆ. ಗೆರೆ ಸದಾ ಒಂದೇ ಕಡೆ ಇರುತ್ತದೆ ಎಂದೂ ನಂಬಬೇಡಿ. ಸ್ವಂತ ರಕ್ತದ ಪ್ಲೇಟ್‌ಲೆಟ್ ಸಾಂದ್ರವನ್ನು ಸ್ನಾಯುವಿಗೆ ಚುಚ್ಚುವುದು ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆ ವಾಡಾದ 2010ರ ಪಟ್ಟಿಯಲ್ಲಿ ನಿಷಿದ್ಧ, 2011ರ ಪಟ್ಟಿಯಲ್ಲಿ ನಿಷೇಧ ಮಾಯ. ರಕ್ತ ಮಾತ್ರ ಅದೇ.

ಕೈಪಿಡಿ ಬರೆದವನ ಖಾಸಗಿ ಅಭಿಪ್ರಾಯ ಬೇಕಿದ್ದರೆ: ವಾಸಿಯಾದ ಭುಜ ಮೋಸವಲ್ಲ. 1974ರಲ್ಲಿ ಪಿಚರ್ ಟಾಮಿ ಜಾನ್ ಅವರ ಮೊಣಕೈಗೆ ಬೇರೆ ಕಡೆಯ ಸ್ನಾಯುರಜ್ಜು ಕಸಿ ಮಾಡಿದರು. ಇಂದು ಆ ಶಸ್ತ್ರಚಿಕಿತ್ಸೆಗೆ ಅವರದೇ ಹೆಸರು, ಅದನ್ನು ಯಾರೂ ವಂಚನೆ ಎನ್ನುವುದಿಲ್ಲ. ಎದುರಾಳಿಗೆ ಅನ್ಯಾಯವಾಯಿತೇ ಎಂದು ಕೇಳಲು ಸಮಿತಿಗಳಿವೆ. ಚುಚ್ಚಿಸಿಕೊಂಡವನಿಗೆ ಏನಾಯಿತು, ಅವನನ್ನು ನೋಡಿ ಸಾಲಿನಲ್ಲಿ ನಿಂತವರಿಗೆ ಏನಾಗುತ್ತದೆ ಎಂದು ಕೇಳುವವರು ಕಡಿಮೆ.

ದೋಷ ನಿವಾರಣೆ: ಕೆಲಸ ಮಾಡದಿದ್ದರೆ? ಇನ್ನೊಬ್ಬ ಬೇಸ್‌ಬಾಲ್ ಪಿಚರ್ ಶೋಹೆಯಿ ಒಟಾನಿ 2018ರ ಜೂನ್‌ನಲ್ಲಿ ಮೊಣಕೈಗೆ ಕಾಂಡಕೋಶದ ಇಂಜೆಕ್ಷನ್ ತೆಗೆದುಕೊಂಡರು; ಅಕ್ಟೋಬರ್‌ನಲ್ಲಿ ಅದೇ ಟಾಮಿ ಜಾನ್ ಶಸ್ತ್ರಚಿಕಿತ್ಸೆಯ ಮೇಜಿನ ಮೇಲಿದ್ದರು. ಈ ಪುಟವನ್ನು ಕ್ಲಿನಿಕ್‌ನ ಗೋಡೆಗೆ ಯಾರೂ ಅಂಟಿಸುವುದಿಲ್ಲ. ಕೆಲಸ ಮಾಡಿದರೆ ಇನ್ನೂ ಕಷ್ಟ. 2012ರ ಆಗಸ್ಟ್‌ನಲ್ಲಿ ಟೆಸ್ಟೋಸ್ಟಿರಾನ್ ಪತ್ತೆಯಾಗಿ ಕೊಲೋನ್‌ಗೆ 50 ಪಂದ್ಯಗಳ ನಿಷೇಧ ಬಿತ್ತು. ಹಾಗಾದರೆ ಹಿಂದಿನ ವರ್ಷದ ವೇಗ ಕೋಶದ್ದೇ, ದೀರ್ಘ ವಿಶ್ರಾಂತಿಯದ್ದೇ, ಇನ್ಯಾವುದರದ್ದೋ? ಒಬ್ಬನೇ ಮನುಷ್ಯ, ಹೋಲಿಸಲು ಇನ್ನೊಬ್ಬನಿಲ್ಲ. ಬಿಡಿಸಿ ಹೇಳುವುದು ಹೇಗೆ? ನಿಷೇಧ ಮುಗಿಸಿ ಬಂದವರು 2013ರಲ್ಲಿ 18 ಪಂದ್ಯ ಗೆದ್ದರು. ಗೊಂದಲ ಹೆಚ್ಚಿಸಲು ಇಷ್ಟು ಸಾಕು, ಮಂಡಿನೋವಿನ ಅಜ್ಜಿಯ ಉಳಿತಾಯ ಕರಗಿಸಲೂ ಸಾಕು.

ಖಾತರಿ: ಇಲ್ಲ. ಭಾರತದ ಗ್ರಾಹಕರು ಗಮನಿಸಿ: ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯಾದ ಐಸಿಎಂಆರ್‌ನ 2017ರ ಮಾರ್ಗಸೂಚಿಯಂತೆ, ಒಪ್ಪಿತ ಕಾಯಿಲೆಗಳಿಗೆ ಮಾಡುವ ರಕ್ತೋತ್ಪಾದಕ ಕಾಂಡಕೋಶ ಕಸಿಯನ್ನು ಬಿಟ್ಟರೆ ಉಳಿದದ್ದೆಲ್ಲ ಪ್ರಯೋಗ. ಪ್ರಯೋಗಕ್ಕೆ ಒಳಗಾಗುವವರಿಂದ ಯಾರಾದರೂ ದುಡ್ಡು ಕೇಳಿದರೆ, ರಸೀದಿಯಲ್ಲಿ 'ಪ್ರಯೋಗ' ಎಂದೇ ಬರೆದುಕೊಡಲು ಹೇಳಿ.