ಮುದ್ದೆ ಎಷ್ಟು ದಪ್ಪ?

“ಶುಗರಿಗೆ ಮುದ್ದೆ ಒಳ್ಳೇದು ಅಂದಿದ್ದೇ ಅಂದಿದ್ದು, ಅವತ್ತಿಂದ ಒಂದಿದ್ದಿದ್ದು ಎರಡಾಗಿದೆ ಕಣಮ್ಮ,” ಅಂದರು ಪಕ್ಕದ ಮನೆ ಅಕ್ಕ, ಬೇಲಿ ಕಂಬಕ್ಕೆ ಒರಗಿಕೊಂಡು. ಭಾವ ಅರಕಲಗೂಡು ಕಡೆಯವರು. ಹೊಲ ಗುತ್ತಿಗೆಗೆ ಕೊಟ್ಟು ಹಾಸನಕ್ಕೆ ಬಂದು ಕಾಲವಾಯಿತು. ಮುದ್ದೆ ಮಾತ್ರ ಇನ್ನೂ ನೇಗಿಲು ಹಿಡಿದವರ ಅಳತೆಯದೇ.

ಆಸ್ಪತ್ರೆಯ ಡಯಟೀಷಿಯನ್ ಹುಡುಗಿ ಮೊದಲು ಕೇಳಿದ್ದೇ ಅದನ್ನಂತೆ: “ಮುದ್ದೆ ಎಷ್ಟು ದಪ್ಪ ಇರುತ್ತೆ ಯಜಮಾನ್ರೇ?” ಭಾವ ಬೆರಳು ಕೂಡಿಸಿ ಕಿತ್ತಳೆಹಣ್ಣಿನಷ್ಟು ತೋರಿಸಿದರು. ಹಿಂದೆ ನಿಂತಿದ್ದ ಅಕ್ಕ ಎರಡೂ ಕೈ ಅಗಲಿಸಿ ಸುಲಿದ ತೆಂಗಿನಕಾಯಿಯಷ್ಟು ತೋರಿಸಿದರು. ಹುಡುಗಿ ಜಾಣೆ, ಇಬ್ಬರನ್ನೂ ನಂಬಲಿಲ್ಲ. “ತಿಂಗಳಿಗೆ ಎಷ್ಟು ಕೆಜಿ ರಾಗಿ ಬೀಸಿಸ್ತೀರ? ಉಣ್ಣೋರು ಎಷ್ಟು ಜನ?” ಅಂದಳು. ಭಾವನ ಬಂಡವಾಳ ಅಲ್ಲೇ ಬಯಲಾಯಿತು.

ನಮ್ಮ ಸೀಮೆಯವರು ರಾಗಿಯನ್ನು ಔಷಧಿ ಮಾಡಿಬಿಟ್ಟಿದ್ದೇವೆ. ನೂರು ಗ್ರಾಂ ರಾಗಿಯಲ್ಲಿ 364 ಮಿಲಿಗ್ರಾಂ ಕ್ಯಾಲ್ಸಿಯಂ, 11 ಗ್ರಾಂ ನಾರು. ಬಿಳಿ ಅಕ್ಕಿಯಲ್ಲಿ ನಾರು 3 ಗ್ರಾಂ ಕೂಡ ಇಲ್ಲ. ಅದೆಲ್ಲ ಸರಿಯೇ. ಆದರೆ ರಕ್ತಕ್ಕೆ ಸಕ್ಕರೆ ಸೇರಿಸುವ ಶರ್ಕರಪಿಷ್ಟ ರಾಗಿಯಲ್ಲೂ 67 ಗ್ರಾಂ ಇದೆ, ಅಕ್ಕಿಯಲ್ಲಿ 78. ವ್ಯತ್ಯಾಸ ಅಷ್ಟೇ. ಅದರಲ್ಲೂ ನುಣ್ಣಗೆ ಬೀಸಿ, ಜರಡಿ ಹಿಡಿದು, ಗಂಟಿಲ್ಲದಂತೆ ತಿರುವಿದ ಮುದ್ದೆಯನ್ನು ನಾವು ಅಗಿಯುವುದೂ ಇಲ್ಲ, ನುಂಗುವುದೇ. ಅನ್ನ ಬಿಟ್ಟೆ ಅಂತ ಎರಡೆರಡು ಮುದ್ದೆ ಇಳಿಸಿದರೆ ಶುಗರ್ ಇಳಿಯುವುದೆಲ್ಲಿಂದ?

“ತರಕಾರಿ ಜಾಸ್ತಿ ತಿನ್ನಿ ಅಂದಿದ್ದಕ್ಕೆ ದಿನಾ ಆಲೂಗಡ್ಡೆ ಪಲ್ಯ ಮಾಡಿಸ್ಕೋತಾರೆ,” ಅಂದರು ಅಕ್ಕ. ಮುಂಗಾರಿಗೆ ಆಲೂಗಡ್ಡೆ ಬಿತ್ತುವ ಊರಲ್ಲಿ ಇನ್ನೇನಾದೀತು! ಆಲೂಗಡ್ಡೆ ಅನ್ನದ ಲೆಕ್ಕಕ್ಕೆ ಸೇರಿದ್ದು ಅಂತ ಆ ಹುಡುಗಿ ಚೀಟಿಯಲ್ಲಿ ಬರೆದು ಕೆಳಗೆ ಗೆರೆ ಎಳೆದಿದ್ದಾಳೆ. ಮುದ್ದೆ ಒಂದು, ಅದೂ ಚಿಕ್ಕದು. ಬಸ್ಸಾರಿಗೆ ಬಸಿದ ಸೊಪ್ಪಿನ ಪಲ್ಯ, ಹುರುಳಿಕಾಳು ತಟ್ಟೆ ತುಂಬ. ಸಕ್ಕರೆ ಬದಲು ಬೆಲ್ಲ ಹಾಕಿದ ಕಾಫಿ ಬೇಡ, ಎರಡೂ ಒಂದೇ. ನನ್ನ ಪ್ರಕಾರ ಇಂಥ ಚೀಟಿಯೇ ಚೀಟಿ. ಓಟ್ಸ್, ಆಲಿವ್ ಎಣ್ಣೆ ಅಂತ ಬರೆದು ಕಳಿಸಿದರೆ ಅದು ಫ್ರಿಜ್ಜಿನ ಬಾಗಿಲಿಗೆ ಅಲಂಕಾರವಷ್ಟೆ.

“ಇಷ್ಟು ಚೆನ್ನಾಗಿದೆಯಲ್ಲ ಅಂತ ಫೋಟೊ ತೆಗೆದು ಚನ್ನರಾಯಪಟ್ಟಣಕ್ಕೂ ವಾಟ್ಸಾಪ್ ಮಾಡಿದೀನಿ. ನಮ್ಮಣ್ಣಂಗೂ ಶುಗರ್ ಅಲ್ವಾ?”

ನನಗೆ ಧಸಕ್ಕೆಂದಿತು. “ಅಕ್ಕಾ, ನಿಮ್ಮಣ್ಣಂಗೆ ಕಿಡ್ನಿ ಸೋತಿದೆ, ಪೊಟ್ಯಾಸಿಯಂ ಏರಿದೆ ಅಂತ ನೀವೇ ಹೇಳಿದ್ರಲ್ಲ!”

ಪೊಟ್ಯಾಸಿಯಂ ಏರಿದವರ ದಾರಿಯೇ ಬೇರೆ. ತರಕಾರಿ ಹೆಚ್ಚಿ, ತುಂಬ ನೀರಲ್ಲಿ ಬೇಯಿಸಿ, ಆ ನೀರನ್ನು ಚೆಲ್ಲಿ ತಿನ್ನಬೇಕು, ಏಕೆಂದರೆ ಪೊಟ್ಯಾಸಿಯಂ ನೀರಿಗೆ ಇಳಿಯುತ್ತದೆ. ನಮ್ಮ ಬಸ್ಸಾರು ಅಂದರೆ ಆ ಬಸಿದ ನೀರೇ! ಭಾವನಿಗೆ ಅಮೃತವಾದದ್ದು ಅಣ್ಣನಿಗೆ ಆಪತ್ತು. ಎಳನೀರಿನಲ್ಲೂ ಪೊಟ್ಯಾಸಿಯಂ ಧಾರಾಳ. ತೆಂಗಿನ ತೋಟದ ಯಜಮಾನ ತನ್ನ ಮರದ ಎಳನೀರನ್ನೇ ಡಾಕ್ಟರನ್ನು ಕೇಳಿ ಕುಡಿಯಬೇಕು. ಬಿಪಿಗೆಂದು ಅಂಗಡಿಯಿಂದ ತಂದ ‘ಸೋಡಿಯಂ ಕಡಿಮೆ’ ಉಪ್ಪೂ ಅವರಿಗಾಗದು. ಅದರಲ್ಲಿ ಸೋಡಿಯಂ ತೆಗೆದ ಜಾಗಕ್ಕೆ ಪೊಟ್ಯಾಸಿಯಂ ಕ್ಲೋರೈಡನ್ನೇ ತುಂಬಿರುತ್ತಾರೆ. ಉಳಿದವರಿಗೆ ದಿನಕ್ಕೆ 5 ಗ್ರಾಂ ಉಪ್ಪು ಮೀರದಿದ್ದರೆ ಸಾಕು, ಉಪ್ಪಿನಕಾಯಿ ಹಪ್ಪಳ ಎಲ್ಲ ಸೇರಿ.

ಅಕ್ಕ ಅಲ್ಲೇ ಫೋನ್ ಹಚ್ಚಿ ಅತ್ತಿಗೆಗೆ ವಿಷಯ ಮುಟ್ಟಿಸಿದರು. ಇಟ್ಟಮೇಲೆ ಮೆಲ್ಲಗೆ, “ಹೊಳೆನರಸೀಪುರದ ನಾದಿನಿಗೂ ಕಳಿಸಿದ್ದೆ ಕಣಮ್ಮ,” ಅಂದರು. ಅವರು ಶ್ರಾವಣ ಶನಿವಾರ ಹೊಟ್ಟೆಗೆ ಏನೂ ಹಾಕದೆ, ಶುಗರ್ ಮಾತ್ರೆ ಮಾತ್ರ ತಪ್ಪದೆ ನುಂಗುವವರು. ಹೋದ ವಾರ ದೇವಸ್ಥಾನದಲ್ಲಿ ಮೈ ಬೆವರಿ, ಕೈ ನಡುಗಿ ಕುಸಿದು ಕೂತರಂತೆ. ದೇವರು ಮೈಮೇಲೆ ಬಂತು ಅಂತ ಜನ ಆರತಿ ಎತ್ತಲು ಹೊರಟಿದ್ದರು. ಯಾರೋ ಪುಣ್ಯಾತ್ಮರು ಸಕ್ಕರೆ ನೀರು ಕುಡಿಸಿದ್ದರಿಂದ ಬಚಾವು.

“ಉಪವಾಸದ ದಿನ ಮಾತ್ರೆ ಹೇಗೆ ಅಂತ ಡಾಕ್ಟರನ್ನ ಕೇಳಿದ್ರಂತಾ?”

“ಎಲ್ಲಿ ಕೇಳ್ತಾಳೆ? ಕೇಳಿದ್ರೆ ಉಪವಾಸ ಬಿಡು ಅಂತಾರೆ ಅನ್ನೋ ಭಯ. ಸೋಮವಾರ ನಾನೇ ಬಸ್ ಹತ್ತಿ ಹೋಗಿ ಕರ್ಕೊಂಡು ಹೋಗ್ತೀನಿ, ಮಾತ್ರೆ ಡಬ್ಬಿ ಸಮೇತ.”