ತಾತ ಅಜ್ಜಿಯ ಜಾಗ ಒತ್ತುವರಿ ಮಾಡಿದ ಪ್ರಸಂಗ

ನ್ಯೂಜೆರ್ಸಿಯ ಎಡಿಸನ್‌ನಲ್ಲಿರುವ ಒಂದು ಮೈಸೂರು ಮನೆಯಲ್ಲಿ ಕಳೆದ ವಾರ ತಾತನೂ ಮೊಮ್ಮಗಳೂ ಮಾತು ಬಿಟ್ಟಿದ್ದರು. ಕಾರಣ ಆಸ್ತಿಯಲ್ಲ, ಪವರ್‌ಪಾಯಿಂಟ್.

ತಾತ-ಅಜ್ಜಿಯ ಮದುವೆಗೆ ಐವತ್ತು ತುಂಬಿದ ಸಂಭ್ರಮಕ್ಕೆ ಹೈಸ್ಕೂಲು ಹುಡುಗಿ ಸ್ಲೈಡ್ ಮಾಡಿದ್ದಳು. ಬಲಗಡೆ ಅಜ್ಜಿ ರೇಷ್ಮೆ ಸೀರೆಯಲ್ಲಿ ನಿಂತಿರುತ್ತಾರೆ; ಎಡಗಡೆಯಿಂದ ಪೇಟ ತೊಟ್ಟ ತಾತ ಮೆಲ್ಲಗೆ ಸರಿದು ಬಂದು ಪಕ್ಕದಲ್ಲಿ ನಿಲ್ಲಬೇಕು. ಟಿವಿಗೆ ಜೋಡಿಸಿ, ಎಲ್ಲರನ್ನೂ ಕೂರಿಸಿ, ಬಟನ್ ಒತ್ತಿದಳು. ತಾತ ಹೊರಟರು. ಬಂದರು. ಪಕ್ಕದಲ್ಲಿ ನಿಲ್ಲದೆ ಅಜ್ಜಿಯ ಮೇಲೇ ಅರ್ಧ ಹತ್ತಿ ನಿಂತರು. ಅದು ಸಾಲದೆಂದು ‘ಗ್ರೋ’ ಎಫೆಕ್ಟ್ ಬೇರೆ ಶುರುವಾಗಿ ತಾತ 150 ಪರ್ಸೆಂಟ್ ಉಬ್ಬಿದರು. ಅಜ್ಜಿಯದು ಒಂದು ಕೈಯ ಬಳೆ ಬಿಟ್ಟರೆ ಏನೂ ಕಾಣಲಿಲ್ಲ.

“ಐವತ್ತು ವರ್ಷದಿಂದ ಆಗ್ತಿರೋದು ಇದೇ,” ಎಂದರು ಅಜ್ಜಿ, ಕೋಡುಬಳೆ ಮುರಿಯುತ್ತ. ಸೊಸೆ ಅಡುಗೆಮನೆಗೆ ಓಡಿಹೋಗಿ ನಕ್ಕಳು.

ತಪ್ಪಾದದ್ದು ಇಷ್ಟೇ. ಚಿತ್ರ ಸರಿಯುವ ದಾರಿಗೆ, ಅಂದರೆ ಮೋಷನ್ ಪಾತ್‌ಗೆ, ಹಸಿರು ತುದಿ ಹೊರಡುವ ಜಾಗ, ಕೆಂಪು ತುದಿ ನಿಲ್ಲುವ ಜಾಗ. ಕೆಂಪು ತುದಿಗೆ ಬಂದು ಕೂರುವುದು ಫೋಟೋದ ಅಂಚಲ್ಲ, ನಟ್ಟನಡು. ಹುಡುಗಿ ಅದನ್ನು ಅಜ್ಜಿಯ ಸೆರಗಿಗೆ ತಾಗಿಸಿಟ್ಟಿದ್ದಳು. ಗ್ರೋ ಕೂಡ ನಡುವಿನಿಂದಲೇ ನಾಲ್ಕೂ ಕಡೆ ಹಿಗ್ಗುತ್ತದೆ. ಚಿತ್ರಗಳನ್ನು ಒಂದೇ ಗೆರೆಗೆ ತರುವ ಅಲೈನ್ ಬಟನ್ ಒತ್ತಿದರೂ ಸರಿಹೋಗುವುದು ಹೊರಡುವ ಜಾಗವೇ ಹೊರತು ತಲುಪುವ ಜಾಗವಲ್ಲ.

ತಾತ ನಿವೃತ್ತ ಸರ್ವೇಯರ್. 33 ಅಡಿ ಸರಪಳಿ ಎಳೆದು, 1,089 ಚದರಡಿಯ ಗುಂಟೆಯಲ್ಲಿ ಗೇಣು ಒತ್ತುವರಿಯನ್ನೂ ಸಹಿಸದೆ ಬಾಳಿದವರು. ಅಂಥವರು ಇಡೀ ಕುಟುಂಬದ ಎದುರು ಹೆಂಡತಿಯ ಜಾಗವನ್ನೇ ನುಂಗಿದ್ದರು! ಅಳತೆ ಟೇಪು ತರಿಸಿ ಟಿವಿಗೆ ಹಿಡಿದರು. ಆಮೇಲೆ ಶುರುವಾದದ್ದು ನಿಜವಾದ ಜಗಳ.

ಹುಡುಗಿ ‘ಅಲೈನ್ ಬಾಟಮ್’ ಒತ್ತಿದಳು. ಪಾದಗಳು ಒಂದೇ ಗೆರೆಗೆ ಬಂದವು; ಅಜ್ಜಿ ತಾತನಿಗಿಂತ ಎತ್ತರ ಎಂಬ, ಅರ್ಧ ಶತಮಾನ ಪೇಟದಡಿ ಅಡಗಿದ್ದ ಸತ್ಯ ಬಯಲಾಯಿತು. ತಾತ ಒಪ್ಪಲಿಲ್ಲ. ‘ಅಲೈನ್ ಟಾಪ್’ ಒತ್ತಿದರೆ ತಲೆಗಳು ಸಮ, ಆದರೆ ತಾತನ ಚಪ್ಪಲಿ ನೆಲ ಬಿಟ್ಟು ಗಾಳಿಯಲ್ಲಿ. “ತಾತ, ಯು ಆರ್ ಫ್ಲೋಟಿಂಗ್!” ಎಂದಳು ಹುಡುಗಿ. ಅಳತೆಯಲ್ಲಿ ಸುಳ್ಳು ನಡೆಯದೆಂದು ಜೀವಮಾನವಿಡೀ ರೈತರಿಗೆ ಹೇಳಿದ ಮನುಷ್ಯ ತೇಲುವುದಕ್ಕೂ ತಯಾರಾಗಿದ್ದರು. ಮಾತು ನಿಂತದ್ದು ಅಲ್ಲೇ.

ರಾತ್ರಿ ಅಜ್ಜಿ ಮೊಮ್ಮಗಳ ರೂಮಿಗೆ ಹೋಗಿ, “ತಲೆ ಸಮ ಮಾಡು ಮಗು. ಪಾದ ಯಾರು ನೋಡ್ತಾರೆ?” ಎಂದರು. ಹುಡುಗಿ ಇಬ್ಬರ ಕಾಲ ಮುಂದೆಯೂ ಹೂಕುಂಡಗಳ ಸಾಲು ಇಟ್ಟಳು. ಮೋಷನ್ ಪಾತನ್ನೂ ಗ್ರೋವನ್ನೂ ಕಿತ್ತುಹಾಕಿ ‘ಮಾರ್ಫ್’ ಹಿಡಿದಳು: ಸ್ಲೈಡಿನ ನಕಲು ಮಾಡಿ, ಅದರಲ್ಲಿ ತಾತನನ್ನು ಬೇಕಾದಲ್ಲಿ ನಿಲ್ಲಿಸಿದರಾಯಿತು, ನಡುವಿನ ನಡಿಗೆಯನ್ನು ಪವರ್‌ಪಾಯಿಂಟೇ ನೋಡಿಕೊಳ್ಳುತ್ತದೆ. ಬೆಳಿಗ್ಗೆ ತಾತನೇ ಅವಳಿಗೆ ಹಾಲು ಬಿಸಿ ಮಾಡಿಕೊಟ್ಟರು, ಉಕ್ಕಿಸಿಯೂ ಬಿಟ್ಟರು.

ಶನಿವಾರ ಪಾರ್ಟಿ ಹಾಲಿನ ಲ್ಯಾಪ್‌ಟಾಪಿನಲ್ಲಿದ್ದದ್ದು ಮಾರ್ಫ್ ಅರಿಯದ ಹಳೇ ಆವೃತ್ತಿ. ಹಾಗಿದ್ದರೆ ಮಾರ್ಫ್ ಬದಲು ಫೇಡ್ ಬರುತ್ತದೆ. ಎಡಗಡೆಯ ತಾತ ಮಸುಕಾಗಿ ಮಾಯವಾದರು, ಬಲಗಡೆ ಅಜ್ಜಿಯ ಪಕ್ಕ ಪ್ರತ್ಯಕ್ಷರಾದರು. ಜನ ಚಪ್ಪಾಳೆ ತಟ್ಟಿ ಹೋಳಿಗೆಯ ಕಡೆ ಎದ್ದರು. ತಾತ ಮಾತ್ರ ಊಟದ ಸಾಲಿನಲ್ಲಿ ಸಿಕ್ಕವರಿಗೆಲ್ಲ, ತಾವು ಅಲ್ಲಿಗೆ ನಡೆದೇ ಬಂದದ್ದೆಂದು ವಿವರಿಸುತ್ತಿದ್ದರು.