ಸ್ವಯಂಕೃತ ಭಲ್ಲೂಕಮೃಗಯಾ ಮೀಮಾಂಸೆ

1. ಅನುಬಂಧ ಚತುಷ್ಟಯ

ಶಾಸ್ತ್ರಗ್ರಂಥ ಬರೆಯುವವನು ಮೊದಲೇ ನಾಲ್ಕು ಮಾತು ಹೇಳಿಬಿಡಬೇಕೆಂಬುದು ಹಿರಿಯರ ಕಟ್ಟಳೆ: ವಿಷಯ ಯಾವುದು, ಅಧಿಕಾರಿ ಯಾರು, ಸಂಬಂಧವೇನು, ಪ್ರಯೋಜನವೇನು.

ವಿಷಯ: ಕಂಡರಿಯದ ಸೀಮೆಗೆ ಹೋಗಿ, ಮಾರ್ಗದರ್ಶಕರ ಹಂಗಿಲ್ಲದೆ, ಸ್ವಂತ ಬುದ್ಧಿಬಲದಿಂದಲೇ ಕರಡಿ ಬೇಟೆಯಾಡುವ ಯೋಜನೆ. ಅಧಿಕಾರಿ: ಬೆಂಗಳೂರು ಪಶ್ಚಿಮದ ಹೊಸಹಳ್ಳಿಯಲ್ಲಿ ವಾಸವಾಗಿದ್ದು, ಬೆಳಗಿನ ವಾಕಿಂಗ್ ಮುಗಿಸಿ, ದರ್ಶಿನಿಯ ಮುಂದೆ ನಿಂತು ಬೈಟು ಕಾಫಿಯೊಂದಿಗೆ ದೇಶದ ಸಮಸ್ಯೆಗಳನ್ನೆಲ್ಲ ಪರಿಹರಿಸಿ ಮನೆಗೆ ಮರಳುವ ನಿವೃತ್ತ ಗೃಹಸ್ಥ. (ಇಲ್ಲಿ ಅಧಿಕಾರಿಯೆಂದರೆ ಅರಣ್ಯಾಧಿಕಾರಿಯಲ್ಲ, ಅವರು ಮುಂದೆ ಬರುತ್ತಾರೆ, ಬಂದೇ ಬರುತ್ತಾರೆ.) ಸಂಬಂಧ: ಈ ಗೃಹಸ್ಥನಿಗೂ ಕರಡಿಗೂ ಈವರೆಗೆ ಯಾವುದೂ ಇಲ್ಲ; ಆದ್ದರಿಂದಲೇ ಯೋಜನೆ ಬೇಕಾಗಿದೆ. ಪ್ರಯೋಜನವನ್ನು ಫಲಶ್ರುತಿಯಲ್ಲಿ ಹೇಳಲಾಗುವುದು.

ಅಧಿಕಾರಿಯ ಅರ್ಹತೆಯ ಬಗ್ಗೆ ಮೊದಲ ಪೂರ್ವಪಕ್ಷ ಎದ್ದದ್ದು ಅಡುಗೆಮನೆಯಿಂದ: “ರೀ, ಬಚ್ಚಲಲ್ಲಿ ಜಿರಳೆ ಕಂಡ್ರೆ ಕೆಳಗಿನ ಮನೆ ಹುಡುಗನ್ನ ಕೂಗ್ತೀರಿ. ನಿಮಗ್ಯಾಕ್ರೀ ಕರಡಿ?” ಸಮಾಧಾನ ಹೀಗೆ: ಜಿರಳೆ ಬೇಟೆಗೆ ಶಾಸ್ತ್ರಾಧಾರವಿಲ್ಲ, ಕರಡಿ ಬೇಟೆಗೆ ಇದೆ. ಆ ಆಧಾರಗಳನ್ನು ಈಗ ನೋಡೋಣ.

2. ಪೂರ್ವಸೂರಿಗಳು

ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 1129ರ ಸುಮಾರಿಗೆ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ರಾಜವಿನೋದಗಳ ಪೈಕಿ ಬೇಟೆಗೂ ಸ್ಥಾನವುಂಟು. ಆದರೆ ರಾಜನ ಬೇಟೆಯಲ್ಲಿ ಸೋವುವವರು ಬೇರೆ, ಬಲೆ ಹಾಕುವವರು ಬೇರೆ, ಹೊತ್ತು ತರುವವರು ಬೇರೆ. ರಾಜನ ಪಾಲಿಗೆ ಉಳಿಯುವುದು ವಿನೋದವೊಂದೇ. ಹಾಗಾಗಿ ಅದು ಸ್ವಯಂಕೃತವಲ್ಲ. ನಮ್ಮ ಅಧಿಕಾರಿಗೆ ಇರುವ ಪರಿವಾರವೆಂದರೆ ವಾಟ್ಸಾಪ್ ಗುಂಪು ಮಾತ್ರ.

ನಿಜವಾದ ಆದಿಪುರುಷ ಶ್ರೀಕೃಷ್ಣ. ಚೌತಿಯ ದಿನ ಮನೆಮನೆಯಲ್ಲಿ ಓದುವ ಶ್ಯಮಂತಕೋಪಾಖ್ಯಾನವನ್ನು ನಾವು ಚಂದ್ರದರ್ಶನದ ದೋಷ ಕಳೆಯುವ ಕತೆಯೆಂದಷ್ಟೇ ಬಗೆದಿದ್ದೇವೆ. ಸೂಕ್ಷ್ಮವಾಗಿ ಓದಿದರೆ ಅದೊಂದು ಯೋಜನಾ ವರದಿ. ಮಣಿ ಧರಿಸಿ ಬೇಟೆಗೆ ಹೋದ ಪ್ರಸೇನ ಸತ್ತುಬಿದ್ದ ಜಾಗ ಮೊದಲು, ಅಲ್ಲಿಂದ ಸಿಂಹದ ಹೆಜ್ಜೆ, ಸಿಂಹ ಸತ್ತುಬಿದ್ದಲ್ಲಿಂದ ಕರಡಿಯ ಹೆಜ್ಜೆ, ಕೊನೆಗೆ ಗುಹೆ. ಜಾಡು ಹಿಡಿಯುವ ಕ್ರಮವನ್ನು ಇದಕ್ಕಿಂತ ಸ್ಪಷ್ಟವಾಗಿ ಯಾರೂ ಹೇಳಿಲ್ಲ. ಭಾಗವತದ ಪ್ರಕಾರ ಜಾಂಬವಂತನೊಡನೆ ಕಾದಾಟ ನಡೆದದ್ದು 28 ದಿನ; ಗುಹೆಯ ಹೊರಗೆ ನಿಂತಿದ್ದ ಜೊತೆಗಾರರು 12ನೇ ದಿನಕ್ಕೇ ದ್ವಾರಕೆಗೆ ವಾಪಸು. ಯುಗ ಬದಲಾದರೂ ಜೊತೆಗಾರರ ಲಕ್ಷಣ ಬದಲಾಗಿಲ್ಲವೆಂಬುದು ಇದರಿಂದ ಸಿದ್ಧ. ಮಣಿ ಹುಡುಕಲು ಹೋದ ಕೃಷ್ಣ ಮಣಿಯ ಜೊತೆಗೆ ಕರಡಿಯ ಮಗಳನ್ನೂ ಕೈಹಿಡಿದು ತಂದನೆಂಬ ಭಾಗವನ್ನು ಗೃಹಸ್ಥನು ಮನೆಯಲ್ಲಿ ಗಟ್ಟಿಯಾಗಿ ಓದದಿರುವುದು ಒಳಿತು.

ಆಧುನಿಕರಲ್ಲಿ ಬೆಂಗಳೂರಿನವನೇ ಆದ ಕೆನೆತ್ ಆಂಡರ್ಸನ್ ಪ್ರಮುಖ. ಅರಸೀಕೆರೆಯ ಆಸುಪಾಸಿನಲ್ಲಿ ಜನರ ಮೇಲೆ ಬಿದ್ದು ಕೊಲ್ಲುತ್ತಿದ್ದ ಕರಡಿಯೊಂದನ್ನು ಬೆನ್ನಟ್ಟಿದ ವೃತ್ತಾಂತ ಅವನ 1957ರ ಪುಸ್ತಕದಲ್ಲಿದೆ. ಕಾಡಿನಲ್ಲೇ ಬದುಕು ಸವೆಸಿದ ಅವನಿಗೂ ಆ ಕರಡಿ ಒಂದೇ ಸುತ್ತಿಗೆ ಸಿಕ್ಕಲಿಲ್ಲ. ಅಲ್ಲದೆ ಅವನಿಗೆ ಕರಡಿಯ ಮೇಲೆ ದೂರು ಹೇಳುವ ಊರೇ ಇತ್ತು. ನಮ್ಮ ಅಧಿಕಾರಿಗೆ ಯಾವ ಕರಡಿಯೂ ಏನೂ ಮಾಡಿಲ್ಲ. ಆಂಡರ್ಸನ್‌ನ ಕತೆಗಳನ್ನು ಪೂರ್ಣಚಂದ್ರ ತೇಜಸ್ವಿಯವರು ಕನ್ನಡಕ್ಕೆ ತಂದ ಮೇಲೆ ಸಂಗತಿ ಇನ್ನೂ ಕೆಟ್ಟಿತು. ಒಂದು ಪುಸ್ತಕದ ಹೆಸರು ‘ಜಾಲಹಳ್ಳಿಯ ಕುರ್ಕ’, ಇನ್ನೊಂದು ‘ಮುನಿಶಾಮಿ ಮತ್ತು ಮಾಗಡಿ ಚಿರತೆ’. ಹೊಸಹಳ್ಳಿಗೆ ಮಾಗಡಿ ರಸ್ತೆ ಮೆಟ್ರೋದಲ್ಲಿ ಒಂದೇ ನಿಲ್ದಾಣ. ಬೇಟೆಯೆಂಬುದು ಪಕ್ಕದ ಸ್ಟೇಷನ್ನಿನ ವಿದ್ಯೆಯೆಂಬ ನಂಬಿಕೆ ಇಲ್ಲಿನ ಗೃಹಸ್ಥನಲ್ಲಿ ಬೇರೂರಿದ್ದು ಹೀಗೆ.

3. ಕ್ಷೇತ್ರನಿರ್ಣಯ

ಬೇಟೆಯ ಜಾಗ ಮೊದಲು ನಿರ್ಧಾರವಾಗಬೇಕು. ಅಮೆರಿಕದ ಹಲವು ರಾಜ್ಯಗಳಲ್ಲಿ ಶುಲ್ಕ ಕಟ್ಟಿ ಪರವಾನಗಿ ಪಡೆದವನು ಗೊತ್ತುಪಡಿಸಿದ ಕಾಲದಲ್ಲಿ ಅಲ್ಲಿನ ಕಪ್ಪು ಕರಡಿಯನ್ನು ಬೇಟೆಯಾಡಬಹುದು. ಅಂಥವನು ಮನೆಯಲ್ಲೇ ನಕ್ಷೆ ಹರಡಿಕೊಂಡು ನೀರು ಎಲ್ಲಿ, ಹಣ್ಣು ಎಲ್ಲಿ, ದಾರಿ ಎಲ್ಲಿ ಎಂದು ಗುರುತು ಹಾಕುತ್ತಾನೆ. ಪ್ರಕೃತ ಪ್ರಬಂಧಕಾರನೂ ಅದೇ ವಿಧಾನ ಅನುಸರಿಸಿ ಆಶ್ಚರ್ಯಕರವಾದ ಫಲಿತಾಂಶ ಪಡೆದಿದ್ದಾನೆ.

ನಮ್ಮಲ್ಲಿ ಕರಡಿಗಳಿಗೆ ಹೆಸರಾದದ್ದು ಹಂಪಿಯ ಸೀಮೆ, ವಿಜಯನಗರ ಜಿಲ್ಲೆ. ಆ ಜಿಲ್ಲೆಯ ಕೂಡ್ಲಿಗಿ ತಾಲ್ಲೂಕಿನಲ್ಲಿ ಹೆದ್ದಾರಿಯ ಮೇಲೆಯೇ ಕಾನಹೊಸಹಳ್ಳಿ ಇದೆ. ಅದೇ ತಾಲ್ಲೂಕಿನ ಗುಡೇಕೋಟೆಯಲ್ಲಿ 2013ರಲ್ಲಿ ಕರಡಿಧಾಮ ಘೋಷಣೆಯಾಗಿದೆ. ಇತ್ತ ಬೆಂಗಳೂರಿನಲ್ಲಿ ಹೊಸಹಳ್ಳಿಯ ಪಕ್ಕ ವಿಜಯನಗರ, ಅದಕ್ಕೆ ಅಂಟಿಕೊಂಡೇ ಹಂಪಿನಗರ. ಅಲ್ಲಿರುವ ಮೂರೂ ಇಲ್ಲಿವೆ, ಕರಡಿಯೊಂದು ಕಡಿಮೆ. ಸ್ಥಳೀಯ ಇತಿಹಾಸಕಾರರ ಪದ್ಧತಿಯಂತೆ, ಮೂರು ಹೆಸರು ತಾಳೆಯಾದ ಮೇಲೆ ನಾಲ್ಕನೆಯದು ತಾನಾಗಿ ಬರಬೇಕು. ಪೈಪ್‌ಲೈನ್ ರಸ್ತೆಯುದ್ದಕ್ಕೂ ಕ್ಷೇತ್ರಕಾರ್ಯ ನಡೆಸಿದಾಗ ಕಂಡದ್ದು ಬೀದಿನಾಯಿಗಳು ಹಾಗೂ ತರಕಾರಿ ಗಾಡಿಯ ಸುತ್ತ ಒಂದು ಹಸು. ಆದ್ದರಿಂದ ಪ್ರಯಾಣ ಅನಿವಾರ್ಯ.

ಮಾರ್ಗ ಸುಲಭ. ಹೊಸಹಳ್ಳಿಯಲ್ಲಿ ನೇರಳೆ ಮಾರ್ಗದ ಮೆಟ್ರೋ ಹತ್ತಿದರೆ ಎರಡನೆಯದೇ ಸಿಟಿ ರೈಲ್ವೆ ಸ್ಟೇಷನ್. ಅಲ್ಲಿ ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹಿಡಿದರೆ ಬೆಳಗ್ಗೆ ಹೊಸಪೇಟೆ. ತೊಡಕು ಇರುವುದು ಮೊದಲ ಹೆಜ್ಜೆಯಲ್ಲೇ: ಮೆಟ್ರೋ ಬಾಗಿಲಲ್ಲಿ ಬ್ಯಾಗನ್ನು ಸ್ಕ್ಯಾನರಿಗೆ ಹಾಕಬೇಕು. ಬಂದೂಕು ದಾಟುವುದಿಲ್ಲ, ಮಚ್ಚು ದಾಟುವುದಿಲ್ಲ. ಚಿತ್ರಾನ್ನದ ಡಬ್ಬಿ ದಾಟುತ್ತದೆ. ಹೀಗೆ ಬೇಟೆಯ ಆಯುಧ ಯಾವುದೆಂಬ ಜಿಜ್ಞಾಸೆ ತಾನಾಗಿಯೇ ಇತ್ಯರ್ಥವಾಯಿತು.

4. ಮೃಗಲಕ್ಷಣ

ನಮ್ಮ ಕರಡಿ ಕಪ್ಪು, ಕೆದರಿದ ಕೂದಲು, ಎದೆಯ ಮೇಲೊಂದು ಬಿಳಿ ಗುರುತು. ಇಂಗ್ಲೆಂಡಿನ ಜಾರ್ಜ್ ಶಾ ಎಂಬ ಪಂಡಿತ 1791ರಲ್ಲಿ ಇದರ ಉದ್ದ ಉಗುರು ಮತ್ತು ಹಲ್ಲಿನ ಕೊರತೆ ಕಂಡು, ದಕ್ಷಿಣ ಅಮೆರಿಕದಲ್ಲಿ ಮರಕ್ಕೆ ತೂಗಾಡುವ ಸೋಮಾರಿ ಪ್ರಾಣಿಯ ಕುಲಕ್ಕೆ ಸೇರಿಸಿಬಿಟ್ಟ. ಕರಡಿಯನ್ನು ದೂರದಿಂದಲೇ ಅಧ್ಯಯನ ಮಾಡಿದರೆ ಏನಾಗುತ್ತದೆಂಬುದಕ್ಕೆ ಇದು ನಿದರ್ಶನ. ಹತ್ತಿರದಿಂದ ಅಧ್ಯಯನ ಮಾಡಿದರೆ ಏನಾಗುತ್ತದೆಂದು ಹಂಪಿ ಸೀಮೆಯ ಕುರಿಗಾಹಿಗಳನ್ನು ಕೇಳಬೇಕು.

ಇದರ ಊಟದ ಕ್ರಮ ನೋಡತಕ್ಕದ್ದು. ಉಗುರಿನಿಂದ ಹುತ್ತ ಬಗೆಯುತ್ತದೆ. ಉಫ್ ಎಂದು ಊದಿ ಮಣ್ಣು ಹಾರಿಸುತ್ತದೆ. ಆಮೇಲೆ ಮೂಗಿನ ಹೊಳ್ಳೆ ಮುಚ್ಚಿಕೊಂಡು, ತುಟಿ ಮುಂದೆ ಚಾಚಿ, ಮೇಲಿನ ಎರಡು ಮುಂಬಲ್ಲುಗಳಿಲ್ಲದ ಸಂದಿಯಿಂದ ಗೆದ್ದಲನ್ನು ಎಳೆದುಕೊಳ್ಳುತ್ತದೆ. ಆ ಸದ್ದು, ನಮ್ಮ ಹಿರಿಯರು ಬಿಸಿ ಕಾಫಿಯನ್ನು ಸಾಸರಿಗೆ ಬಗ್ಗಿಸಿ ಸೊರ್ರನೆ ಹೀರಿದಂತೆ, ನೂರು ಮೀಟರ್ ಆಚೆಗೂ ಕೇಳುತ್ತದೆ. ಗೆದ್ದಲು, ಇರುವೆ, ಜೇನು, ಬಾರೆಹಣ್ಣು, ನೇರಳೆ, ಸೀತಾಫಲ ಇದರ ಆಹಾರ. ಅಂದರೆ ಮಾಂಸದ ಹಂಬಲವಿಲ್ಲದ ಪ್ರಾಣಿ. ಶ್ರಾವಣ ಮಾಸದ ಅಧಿಕಾರಿಯಷ್ಟೇ ಸಾತ್ವಿಕ. ಕಣ್ಣು ಮಂದ, ಮೂಗು ತೀಕ್ಷ್ಣ. ತಿನ್ನುವುದರಲ್ಲಿ ಮೈಮರೆತಿದ್ದಾಗ ಯಾರಾದರೂ ಹತ್ತಿರಕ್ಕೆ ಬಂದುಬಿಟ್ಟರೆ ಗಾಬರಿಬಿದ್ದು ಮೇಲೆರಗುತ್ತದೆ, ಮುಖಕ್ಕೇ ಕೈ ಹಾಕುತ್ತದೆ. ಬೆನ್ನ ಮೇಲೆ ಮರಿ ಇದ್ದರಂತೂ ಗಾಬರಿಗೂ ಕಾಯುವುದಿಲ್ಲ.

ಆದ್ದರಿಂದ ಗಾಳಿಯ ದಿಕ್ಕು ಮುಖ್ಯ. ಪಾಶ್ಚಾತ್ಯ ಬೇಟೆಗಾರರು ಮೈವಾಸನೆ ಮರೆಸಲು ನಾನಾ ದ್ರವ್ಯ ಬಳಿದುಕೊಳ್ಳುತ್ತಾರೆ. ಹೊಸಹಳ್ಳಿಯ ಗೃಹಸ್ಥನಿಂದ ಹೊಮ್ಮುವುದು ಮೈಸೂರ್ ಸ್ಯಾಂಡಲ್ ಸೋಪು, ಅಮೃತಾಂಜನ, ಮತ್ತು ಜೇಬಿನಲ್ಲಿಟ್ಟ ಬೆಲ್ಲದಚ್ಚು. ಮೊದಲೆರಡು ಕರಡಿಗೆ ಹೊಸತು. ಮೂರನೆಯದು ಚೆನ್ನಾಗಿ ಪರಿಚಯ, ಕಾರಣ ಮುಂದೆ.

5. ವ್ಯವಹಾರಕಾಂಡ

ಹಂಪಿಗೆ ಹತ್ತಿರದ ಬಂಡೆಗುಡ್ಡಗಳಲ್ಲಿ ದರೋಜಿ ಕರಡಿಧಾಮ ಘೋಷಣೆಯಾದದ್ದು 1994ರಲ್ಲಿ. ಅಲ್ಲಿ ಅರಣ್ಯ ಸಿಬ್ಬಂದಿ ಮಧ್ಯಾಹ್ನ ಕರಡಿಕಲ್ಲು ಗುಡ್ಡದ ಬಂಡೆಗಳಿಗೆ ಬೆಲ್ಲದ ಪಾಕ ಸವರಿ ಬರುತ್ತಾರೆ. ಸ್ವಲ್ಪ ಹೊತ್ತಿಗೆ ಕರಡಿಗಳು ಗುಹೆಗಳಿಂದ ಇಳಿದು ಬಂದು ಬಂಡೆ ನೆಕ್ಕುತ್ತವೆ. ಪ್ರವಾಸಿಗರು ವೀಕ್ಷಣಾ ಗೋಪುರದಲ್ಲಿ ನಿಂತು ನೋಡುತ್ತಾರೆ. ಸರ್ಕಾರ ಸವರಿದರೆ ಅದು ಸಂರಕ್ಷಣೆ. ಅದೇ ಬೆಲ್ಲವನ್ನು ನಮ್ಮ ಅಧಿಕಾರಿ ಸವರಿದರೆ ಏನೆಂಬುದನ್ನು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಹೇಳುತ್ತದೆ.

ಆ ಕಾಯ್ದೆಯ ಸೆಕ್ಷನ್ 2(16)ರ ಪ್ರಕಾರ ಕೊಲ್ಲುವುದಷ್ಟೇ ಬೇಟೆಯಲ್ಲ. ಹಿಡಿಯುವುದು, ಬಲೆ ಹಾಕುವುದು, ಸೋವುವುದು, ಆಮಿಷ ಒಡ್ಡುವುದು, ಇವುಗಳಲ್ಲಿ ಯಾವುದಕ್ಕಾದರೂ ಪ್ರಯತ್ನಿಸುವುದು, ಎಲ್ಲವೂ ಬೇಟೆ. ಕರಡಿ ಮೊದಲನೆಯ ಅನುಸೂಚಿಯ ಪ್ರಾಣಿ. ಸೆಕ್ಷನ್ 9 ಬೇಟೆಯನ್ನು ನಿಷೇಧಿಸುತ್ತದೆ; ಸೆಕ್ಷನ್ 51 ಮೂರರಿಂದ ಏಳು ವರ್ಷ ಸೆರೆವಾಸ ದಯಪಾಲಿಸುತ್ತದೆ. ದಂಡ ಮೊದಲು ಕನಿಷ್ಠ 10,000 ರೂಪಾಯಿ ಇತ್ತು. 2022ರ ತಿದ್ದುಪಡಿ ಅದನ್ನು 25,000ಕ್ಕೆ ಏರಿಸಿತು. ಇಷ್ಟಾಗಿಯೂ ಕರಡಿ ಸಿಕ್ಕಿತೆನ್ನಿ, ಸೆಕ್ಷನ್ 39ರಂತೆ ಅದು ಸರ್ಕಾರದ ಸ್ವತ್ತು. ಶ್ರಮ ನಮ್ಮದು, ಜೈಲು ನಮ್ಮದು, ಚರ್ಮ ಸರ್ಕಾರದ್ದು.

ಗೃಹಸ್ಥನಿಗೆ ಒಂದೇ ಒಂದು ಕಿಂಡಿ ಇದೆ. ಸೆಕ್ಷನ್ 11(2)ರ ಪ್ರಕಾರ ಆತ್ಮರಕ್ಷಣೆಗಾಗಿ ಸದ್ಭಾವನೆಯಿಂದ ಕೊಂದರೆ ಅಪರಾಧವಲ್ಲ. ಆದರೆ ಆ ಹೊತ್ತಿಗೆ ಕೊಂದವನು ಕಾಯ್ದೆ ಮೀರುವ ಕೆಲಸದಲ್ಲಿ ತೊಡಗಿರಬಾರದು. ಅಂದರೆ, ಕರಡಿ ಬೇಟೆಗೆಂದು ಹೋಗದವನಿಗೆ ಮಾತ್ರ ಈ ರಕ್ಷಣೆ; ಯೋಜನೆ ಹಾಕಿದವನಿಗಿಲ್ಲ. ಇಷ್ಟು ಪುಟಗಳ ಯೋಜನೆಯಿಂದ ಪ್ರಬಂಧಕಾರ ಸಂಪಾದಿಸಿದ್ದು, ಇದ್ದ ಒಂದು ಕಿಂಡಿಯನ್ನೂ ಮುಚ್ಚಿಕೊಂಡದ್ದು.

6. ಸಿದ್ಧಾಂತ

ಸ್ವಯಂಕೃತ ಬೇಟೆಗಾರನಿಗೆ ಇರಬೇಕಾದ ಲಕ್ಷಣಗಳು ಐದು: ಸೀಮೆಯ ಪರಿಚಯ, ಗಾಳಿಯ ಜ್ಞಾನ, ಸ್ವಂತ ಆಯುಧ, ಊಟದ ವ್ಯವಸ್ಥೆ, ಕಾನೂನಿನ ಬೆಂಬಲ. ಸೀಮೆ ಕರಡಿಯದೇ. ಮೂಗು ಅದರದೇ. ಆಯುಧ ಬೆರಳ ತುದಿಯಲ್ಲೇ ಬೆಳೆದಿದೆ, ಸ್ಕ್ಯಾನರಿಗೆ ಹಾಕಬೇಕಿಲ್ಲ. ಊಟವನ್ನು ಇಲಾಖೆಯೇ ಬಂಡೆಗೆ ಬಡಿಸುತ್ತದೆ. ಕಾಯ್ದೆಯಲ್ಲಿ ಅದಕ್ಕೆ ಮೊದಲನೆಯ ಅನುಸೂಚಿ. ಹೊಸಹಳ್ಳಿಯ ಗೃಹಸ್ಥನಿಗೆ ಯಾವ ಅನುಸೂಚಿಯೂ ಇಲ್ಲ. ಐದೂ ಲಕ್ಷಣ ಪೂರ್ಣವಾಗಿ ಕಂಡುಬಂದದ್ದು ಕರಡಿಯಲ್ಲೇ. ಆದ್ದರಿಂದ ಈ ಯೋಜನೆಯಲ್ಲಿ ಬೇಟೆಗಾರ ಯಾರು, ಬೇಟೆ ಯಾರು ಎಂಬುದನ್ನು ಪ್ರಬಂಧಕಾರ ಮರುಪರಿಶೀಲನೆಗೆ ಒಳಪಡಿಸಿ, ಗೋಪುರದ ಮೇಲೆ ನಿಂತು ನೋಡುವುದೇ ಸಿದ್ಧಾಂತವೆಂದು ಸ್ಥಾಪಿಸಿದ್ದಾನೆ. ಅಡುಗೆಮನೆಯ ಪೂರ್ವಪಕ್ಷ ಇದನ್ನು ಮೊದಲೇ ಹೇಳಿತ್ತೆಂಬುದು ಪ್ರಾಸಂಗಿಕವಲ್ಲ.

7. ಫಲಶ್ರುತಿ

ಈ ಮೀಮಾಂಸೆಯನ್ನು ಶ್ರದ್ಧೆಯಿಂದ ಓದುವವರ ಕಾರಾಗೃಹದೋಷ ಕಳೆಯುವುದು. ಬೈಟು ಕಾಫಿಯ ಹೊತ್ತಿಗೆ ಇತರರಿಗೆ ಹೇಳುವವರಿಗೆ ಇಪ್ಪತ್ತೈದು ಸಾವಿರ ಉಳಿಯುವುದು. ಹಂಪಿ ಎಕ್ಸ್‌ಪ್ರೆಸ್ಸಿನಲ್ಲಿ ಕೂತು ಪಠಿಸಿ, ಬರಿಗೈಯಲ್ಲಿ ದರೋಜಿಗೆ ಹೋಗುವವರಿಗೆ ಕರಡಿದರ್ಶನ ಪ್ರಾಪ್ತವಾಗುವುದು. ಓದಿಯೂ ಬಂದೂಕು ಹುಡುಕುವವರಿಗೆ ಸೆಕ್ಷನ್ 51, ಅದಕ್ಕೂ ಮುಂಚೆ ಮನೆಯಲ್ಲಿ ಎರಡು ದಿನ ಮಾತಿಲ್ಲ.